ಆಲ್ಫ್ರೆಡ್ ಕೊರ್ತೊ: ಪದೇ ಪದೇ ಕೇಳುವ ಪ್ರಶ್ನೆಗಳು

ಆಲ್ಫ್ರೆಡ್ ಕೊರ್ತೊ ಯಾರು?

ಫ್ರಾನ್ಸಿನ ಪಿಯಾನೋ ವಾದಕರು, ವಾದ್ಯವೃಂದದ ನಿರ್ದೇಶಕರು, ಸಂಗೀತದ ಮೇಷ್ಟ್ರು, ಒಂದು ದೊಡ್ಡ ಸಂಗೀತಶಾಲೆಯ ಸ್ಥಾಪಕರು. ಹುಟ್ಟಿದ್ದು 1877ರ ಸೆಪ್ಟೆಂಬರ್ 26ರಂದು, ತೀರಿಕೊಂಡದ್ದು 1962ರ ಜೂನ್ 15ರಂದು. ಹತ್ತೊಂಬತ್ತನೆಯ ಶತಮಾನದ ಸಂಗೀತಕಾರರಾದ ಶೋಪಾನ್ ಮತ್ತು ಶೂಮನ್ ಅವರ ಕೃತಿಗಳನ್ನು ಇವರಂತೆ ನುಡಿಸಿದವರು ಇನ್ನೊಬ್ಬರಿಲ್ಲ ಎನ್ನುವವರು ಬಹಳ ಮಂದಿ. ಇವರಷ್ಟು ತಪ್ಪು ಸ್ವರಗಳನ್ನು ಒತ್ತಿದ ದೊಡ್ಡ ವಾದಕರೂ ಇನ್ನೊಬ್ಬರಿಲ್ಲ ಎನ್ನುವವರು ಅದಕ್ಕಿಂತ ಹೆಚ್ಚು. ಎರಡು ಮಾತೂ ಸುಳ್ಳಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಹಿಡಿದ ದಾರಿ ಇವೆರಡಕ್ಕೂ ಸೇರದ, ಬೇರೆಯದೇ ಆದ ವಿಷಯ. ಅದನ್ನು ಕೆಳಗೆ ಬಿಡಿಸಿ ಹೇಳಿದೆ.

ಅವರು ಫ್ರೆಂಚರೋ ಸ್ವಿಸ್ಸರೋ?

ಹುಟ್ಟಿದ ಊರು ಸ್ವಿಟ್ಜರ್ಲೆಂಡಿನ ನ್ಯೋಂ, ಜಿನೀವಾ ಸರೋವರದ ದಂಡೆಯ ಪಟ್ಟಣ. ತಂದೆ ಫ್ರೆಂಚ್, ತಾಯಿ ಸ್ವಿಸ್. ಮನೆಯವರು ಪ್ಯಾರಿಸ್ಸಿಗೆ ಬಂದು ನೆಲೆಸಿದಾಗ ಆಲ್ಫ್ರೆಡ್ ಇನ್ನೂ ಚಿಕ್ಕ ಹುಡುಗ. ಓದು, ಉದ್ಯೋಗ, ಹೆಸರು, ಅಪಖ್ಯಾತಿ ಎಲ್ಲವೂ ಆದದ್ದು ಫ್ರಾನ್ಸಿನಲ್ಲೇ. ಕೊನೆಯ ವರ್ಷಗಳನ್ನು ಮತ್ತೆ ಸ್ವಿಟ್ಜರ್ಲೆಂಡಿನ ಲೋಜಾನ್‌ನಲ್ಲಿ ಕಳೆದು ಅಲ್ಲೇ ತೀರಿಕೊಂಡರು. ಸಮಾಧಿ ಮಾತ್ರ ಫ್ರಾನ್ಸಿನ ಬರ್ಗಂಡಿ ಸೀಮೆಯ ಲ ವಿಲಾರ್ ಎಂಬ ಹಳ್ಳಿಯಲ್ಲಿದೆ.

ಬಾಲ ಪ್ರತಿಭೆಯಾಗಿದ್ದರೆ?

ಇರಲಿಲ್ಲ. ಮೊದಲ ಪಾಠ ಹೇಳಿಕೊಟ್ಟವರು ಅಕ್ಕಂದಿರು. ಪ್ಯಾರಿಸ್ಸಿನ ಕನ್ಸರ್ವೇಟರಿ ಎಂಬ ಸಂಗೀತಶಾಲೆಗೆ ಸೇರಲು ಹೋದಾಗ ಮೊದಲ ಸಲ ಹಿಂದಕ್ಕೆ ಕಳುಹಿಸಿದರು. ಆಮೇಲೆ ಕಿರಿಯರ ತರಗತಿಯಲ್ಲಿ ಎಮಿಲ್ ದೆಕೋಂಬ್ ಎಂಬ ಹಿರಿಯರ ಬಳಿ, ನಂತರ ಲೂಯಿ ದಿಯೆಮೆರ್ ಬಳಿ ಕಲಿತು, 1896ರಲ್ಲಿ ಮೊದಲ ಬಹುಮಾನ ಪಡೆದು ಹೊರಬಂದರು. ಆಗ ವಯಸ್ಸು 18. ಆ ಕಾಲದ ಪಿಯಾನೋ ಜಗತ್ತಿನಲ್ಲಿ ಇದು ಬೇಗ ಅಲ್ಲ.

ಹುಡುಗನಾಗಿದ್ದಾಗ ರಷ್ಯಾದ ಮಹಾವಾದಕ ಆಂಟನ್ ರುಬಿನ್‌ಸ್ಟೈನ್ ಎದುರು ಬೀಥೋವನ್ ನುಡಿಸಿದ ಪ್ರಸಂಗವನ್ನು ಕೊರ್ತೊ ಮುಂದೆ ತಾವೇ ಹೇಳಿಕೊಳ್ಳುತ್ತಿದ್ದರು. ಕೇಳಿ ಮುಗಿದ ಮೇಲೆ ರುಬಿನ್‌ಸ್ಟೈನ್ ಅಂದದ್ದರ ಸಾರ ಇಷ್ಟು: ಬೀಥೋವನ್‌ನನ್ನು ಅಭ್ಯಾಸ ಮಾಡಿದರೆ ಸಾಲದು, ನುಡಿಸಿದಾಗಲೆಲ್ಲ ಅವನು ಮತ್ತೆ ಹುಟ್ಟಿ ಬರಬೇಕು. ಕೊರ್ತೊ ಇದನ್ನು ಜೀವನಪೂರ್ತಿ ನಂಬಿದರು. ಅಭ್ಯಾಸದ ಭಾಗವನ್ನು ಸ್ವಲ್ಪ ಅತಿಯಾಗಿಯೇ ಮರೆತರು ಎಂಬುದು ನನ್ನ ಅನುಮಾನ.

ಅವರು ಶೋಪಾನ್‌ನ ಶಿಷ್ಯ ಪರಂಪರೆಯವರು ಎನ್ನುತ್ತಾರಲ್ಲ?

ದೆಕೋಂಬ್ ಅವರು ಶೋಪಾನ್‌ನ ಕೊನೆಯ ಶಿಷ್ಯರಲ್ಲಿ ಒಬ್ಬರು ಎಂಬ ಮಾತು ಹಿಂದಿನಿಂದ ಬಂದಿದೆ. ಶೋಪಾನ್ ತೀರಿಕೊಂಡದ್ದು 1849ರಲ್ಲಿ. ಆಗ ದೆಕೋಂಬ್‌ಗೆ ಇಪ್ಪತ್ತರ ಪ್ರಾಯ. ಶೋಪಾನ್‌ನನ್ನು ಕಂಡಿದ್ದರು, ಕೇಳಿದ್ದರು ಎಂದರೆ ಒಪ್ಪಬಹುದು. ಕ್ರಮವಾಗಿ ಪಾಠ ಹೇಳಿಸಿಕೊಂಡಿದ್ದರು ಎನ್ನಲು ಗಟ್ಟಿ ಆಧಾರ ಬೇಕು. ಇದೇ ದೆಕೋಂಬ್ ಬಳಿ ಮೊರಿಸ್ ರವೆಲ್, ಎರಿಕ್ ಸಾತಿ ಕೂಡ ಕಲಿತಿದ್ದರು. ಅವರಿಬ್ಬರನ್ನು ಯಾರೂ ಶೋಪಾನ್ ಪರಂಪರೆ ಎಂದು ಹೊಗಳುವುದಿಲ್ಲ. ಗುರುವಂಶದ ಹೆಮ್ಮೆ ನಮಗೆ ಹೊಸದಲ್ಲ, ಆದರೆ ಕೊರ್ತೊ ಅವರ ಶೋಪಾನ್ ಹಾಗೆ ಕೇಳಿಸಲು ಮುಖ್ಯ ಕಾರಣ ಬೇರೆ ಕಡೆ ಇದೆ. ಅದು ಜರ್ಮನಿಯಲ್ಲಿದೆ.

ಜರ್ಮನಿಯಲ್ಲಿ ಏನು ಮಾಡಿದರು?

ಕೊರ್ತೊ ಅವರನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಕೀಲಿಕೈ ಇದು. ಬಹುಮಾನ ಗೆದ್ದ ಪಿಯಾನೋ ವಾದಕ ಊರೂರು ಸುತ್ತಿ ಕಛೇರಿ ಮಾಡಬೇಕಾದ ವಯಸ್ಸಿನಲ್ಲಿ ಅವರು ಬೈರಾಯ್ಟ್‌ಗೆ ಹೋದರು. ರಿಚರ್ಡ್ ವಾಗ್ನರ್ ತನ್ನ ಸಂಗೀತನಾಟಕಗಳಿಗೆಂದೇ ಕಟ್ಟಿಸಿದ ರಂಗಮಂದಿರ ಇರುವ ಊರು ಅದು. ಗೆಳೆಯ ಎದುವಾರ್ ರಿಸ್ಲೆರ್ ಹತ್ತಿಸಿದ ಹುಚ್ಚು. ಇಬ್ಬರೂ ಎರಡು ಪಿಯಾನೋಗಳ ಮೇಲೆ ವಾಗ್ನರ್ ನುಡಿಸುತ್ತಿದ್ದರು. 1898ರಿಂದ 1901ರವರೆಗೆ ಕೊರ್ತೊ ಅಲ್ಲಿ ಹಾಡುಗಾರರಿಗೆ ತಾಲೀಮು ಕೊಡುವ ಸಹಾಯಕರಾಗಿ ದುಡಿದರು. ಫೆಲಿಕ್ಸ್ ಮೊಟ್ಲ್, ಹಾನ್ಸ್ ರಿಕ್ಟರ್ ಅವರಂಥ ನಿರ್ದೇಶಕರ ಕೈಕೆಳಗಿನ ಕೆಲಸ.

ಆ ಕೆಲಸ ಎಂಥದ್ದು ನೋಡಿ. ಎದುರಿಗೆ ಇಡೀ ವಾದ್ಯವೃಂದದ ಸ್ವರಲಿಪಿ: ಪಿಟೀಲುಗಳಿಗೆ ಹಲವು ಸಾಲು, ಕೊಳಲುಗಳಿಗೆ, ಕಹಳೆಗಳಿಗೆ, ನಗಾರಿಗೆ ಬೇರೆ ಬೇರೆ ಸಾಲು. ತಾಲೀಮಿಗೆ ನೂರು ಜನ ವಾದಕರನ್ನು ಕರೆಯಲಾಗುವುದಿಲ್ಲ. ಅಷ್ಟನ್ನೂ ಒಬ್ಬನೇ ಪಿಯಾನೋ ಮೇಲೆ ನುಡಿಸಬೇಕು. ಪ್ರತಿಯೊಂದು ಸ್ವರವೂ ಬರಲಾರದು. ಬೇಕಾದದ್ದನ್ನು ಹಿಡಿದು, ಉಳಿದದ್ದನ್ನು ಬಿಟ್ಟು, ಹಾಡುವವರಿಗೆ ಇದು ಕಹಳೆ, ಇದು ಚೆಲ್ಲೊ (ದೊಡ್ಡ ಗಾತ್ರದ ಪಿಟೀಲು) ಎಂದು ಗೊತ್ತಾಗುವಂತೆ ಮಾಡಬೇಕು. ನಿಲ್ಲುವ ಹಾಗಿಲ್ಲ. ಹೀಗೆ ಕೆಲವು ವರ್ಷ ಪಳಗಿದ ಕೈ ಮುಂದೆ ಶೋಪಾನ್‌ನ ಬಲ್ಲಾಡ್ ಎಂಬ ಪಿಯಾನೋ ಕೃತಿ ನುಡಿಸುವಾಗಲೂ ವಾದ್ಯವೃಂದವನ್ನೇ ಕೇಳಿಸುತ್ತದೆ. ಎಡಗೈಯಲ್ಲಿ ಮಂದ್ರ ವಾದ್ಯಗಳು, ನಡುವಿನ ದನಿಗಳಲ್ಲಿ ಯಾರೋ ಒಳಗೊಳಗೇ ಆಡುವ ಮಾತು, ಮೇಲೆ ಒಬ್ಬ ಗಾಯಕ. ಕೊರ್ತೊ ಕೊನೆಯವರೆಗೂ ಪಿಯಾನೋ ಮುಂದೆ ಕುಳಿತ ನಿರ್ದೇಶಕರೇ ಆಗಿದ್ದರು. ಅವರ ಗುಣ ಮತ್ತು ದೋಷ ಎರಡೂ ಇದೇ ಬೇರಿನಿಂದ ಹೊರಟವು.

ನಿರ್ದೇಶಕರಾಗಿ ಅವರ ಸಾಧನೆ ಏನು?

ವಾಗ್ನರ್‌ನ ನಾಲ್ಕು ಭಾಗಗಳ ಮಹಾಕೃತಿಯ ಕೊನೆಯ ಭಾಗವಾದ 'ಗೊಟರ್‌ಡಮರುಂಗ್' ಪ್ಯಾರಿಸ್ಸಿನ ರಂಗದ ಮೇಲೆ ಮೊದಲ ಸಲ ಬಂದದ್ದು 1902ರ ಮೇ ತಿಂಗಳಲ್ಲಿ, ಷಾತೊ ದೋ ರಂಗಮಂದಿರದಲ್ಲಿ. ಅದನ್ನು ನಿರ್ದೇಶಿಸಿದ ಕೊರ್ತೊಗೆ ಆಗ 24 ವರ್ಷ. ಅದಕ್ಕೆಂದೇ ಒಂದು ಸಂಸ್ಥೆಯನ್ನೂ ಕಟ್ಟಿದ್ದರು. ಸಂಗೀತದ ದೃಷ್ಟಿಯಿಂದ ದೊಡ್ಡ ಸಾಹಸ, ಹಣದ ದೃಷ್ಟಿಯಿಂದ ಕೈ ಸುಟ್ಟುಕೊಂಡ ವ್ಯವಹಾರ.

ಅಷ್ಟಕ್ಕೆ ಬುದ್ಧಿ ಬರಲಿಲ್ಲ. 1903ರಲ್ಲಿ ತಮ್ಮದೇ ಹೆಸರಿನ ಕಛೇರಿ ಸಂಘ ಸ್ಥಾಪಿಸಿ ಬೀಥೋವನ್‌ನ 'ಮಿಸ್ಸಾ ಸೊಲೆಮ್ನಿಸ್', ಬ್ರಾಮ್ಸ್‌ನ ಜರ್ಮನ್ ರೆಕ್ವಿಯಂನಂಥ ಗಾತ್ರದ ಕೃತಿಗಳನ್ನು ಪ್ಯಾರಿಸ್ಸಿಗೆ ಕೇಳಿಸಿದರು. ಜೊತೆಗೆ ಹೊಸ ಫ್ರೆಂಚ್ ಸಂಗೀತಕಾರರ ಕೃತಿಗಳನ್ನೂ ಎತ್ತಿಕೊಂಡರು. ಆದರೆ ವಾದ್ಯವೃಂದಕ್ಕೆ ಸಂಬಳ ಕೊಡಬೇಕು, ಪಿಯಾನೋ ಸಂಬಳ ಕೇಳುವುದಿಲ್ಲ. ನಿಧಾನವಾಗಿ ಪಿಯಾನೋ ಮುಂದಾಯಿತು, ನಿರ್ದೇಶನ ಹಿಂದಾಯಿತು. ಪೂರ್ತಿ ನಿಲ್ಲಲಿಲ್ಲ ಎಂಬುದಕ್ಕೆ 1930ರ ದಶಕದ ಆರಂಭದಲ್ಲಿ ತಮ್ಮ ಶಾಲೆಯ ವಾದ್ಯವೃಂದದೊಂದಿಗೆ ಮುದ್ರಿಸಿದ ಬಾಕ್‌ನ ಬ್ರಾಂಡೆನ್‌ಬರ್ಗ್ ಕೃತಿಗಳು ಸಾಕ್ಷಿ.

ರೋಮಾ ರೋಲಾ ಅವರಿಗೂ ಕೊರ್ತೊಗೂ ಏನು ಸಂಬಂಧ?

ಶ್ರೀರಾಮಕೃಷ್ಣ, ವಿವೇಕಾನಂದ ಮತ್ತು ಗಾಂಧೀಜಿಯ ಜೀವನ ಬರೆದ ಫ್ರೆಂಚ್ ಲೇಖಕರಾಗಿ ರೋಮಾ ರೋಲಾ ನಮ್ಮ ಓದುಗರಿಗೆ ಗೊತ್ತು. ಸಂಗೀತದ ಇತಿಹಾಸಕಾರರೂ ಆಗಿದ್ದ ಅವರ ಮೊದಲ ಹೆಂಡತಿ ಕ್ಲೊತಿಲ್ದ್ ಬ್ರೆಯಾಲ್. ಅವರಿಬ್ಬರ ವಿವಾಹ 1901ರಲ್ಲಿ ಮುರಿಯಿತು. ಮರುವರ್ಷ ಆಕೆ ಕೊರ್ತೊ ಅವರನ್ನು ಮದುವೆಯಾದರು. ಆಕೆಯ ತಂದೆ ಮಿಷೆಲ್ ಬ್ರೆಯಾಲ್ ಯಹೂದಿ ಮೂಲದ ದೊಡ್ಡ ಭಾಷಾಶಾಸ್ತ್ರಜ್ಞ. 1896ರ ಅಥೆನ್ಸ್ ಒಲಿಂಪಿಕ್ಸ್‌ಗೆ ಮ್ಯಾರಥಾನ್ ಓಟವನ್ನು ಸೂಚಿಸಿದವರೂ ಅವರೇ. ಈ ಯಹೂದಿ ನಂಟಸ್ತಿಕೆಯನ್ನು ನೆನಪಿಟ್ಟುಕೊಳ್ಳಿ, ಯುದ್ಧಕಾಲದ ಕಥೆ ಇದರಿಂದ ಇನ್ನಷ್ಟು ಗೋಜಲಾಗುತ್ತದೆ.

ಕೊರ್ತೊ, ತಿಬೋ, ಕಸಾಲ್ಸ್ ಮೂವರ ಮೇಳದ ಬಗ್ಗೆ ಇಷ್ಟೇಕೆ ಮಾತು?

ಪಿಟೀಲಿನಲ್ಲಿ ಜಾಕ್ ತಿಬೋ, ಚೆಲ್ಲೊದಲ್ಲಿ ಪಾಬ್ಲೊ ಕಸಾಲ್ಸ್, ಪಿಯಾನೋದಲ್ಲಿ ಕೊರ್ತೊ. ಮೂವರೂ ಒಂಟಿಯಾಗಿಯೇ ಸಭಾಂಗಣ ತುಂಬಿಸಬಲ್ಲವರು. 1905ರ ಸುಮಾರಿಗೆ ಒಟ್ಟಿಗೆ ನುಡಿಸಲು ಆರಂಭಿಸಿದವರು 1930ರ ದಶಕದ ಮೊದಲ ವರ್ಷಗಳವರೆಗೂ ಬಿಡುವು ಸಿಕ್ಕಾಗಲೆಲ್ಲ ಸೇರುತ್ತಿದ್ದರು. ವರ್ಷಕ್ಕೆ ಕೆಲವು ವಾರ ಮಾತ್ರ. ಬಹುಶಃ ಅದಕ್ಕೇ ಅಷ್ಟು ಕಾಲ ಬಾಳಿತು.

ದೊಡ್ಡ ವಾದಕರು ಮೂವರು ಸೇರಿದರೆ ಸಾಮಾನ್ಯವಾಗಿ ಪೈಪೋಟಿ ಆಗುತ್ತದೆ, ಇಲ್ಲವೇ ಅತಿವಿನಯ. ಇಲ್ಲಿ ಎರಡೂ ಇಲ್ಲ. ಶೂಬರ್ಟ್‌ನ ಬಿ-ಫ್ಲಾಟ್ ಟ್ರಿಯೊವನ್ನು (1926) ಕೇಳಿ. ತಿಬೋ ಅವರ ಪಿಟೀಲು ನಗುತ್ತ ಜಾರಿಕೊಂಡು ಹೋಗುತ್ತದೆ, ಕಸಾಲ್ಸ್ ನೆಲ ಕಚ್ಚಿ ನಿಲ್ಲುತ್ತಾರೆ. ಸ್ವಭಾವದಲ್ಲಿ ಉತ್ತರ ದಕ್ಷಿಣವಾದ ಇವರಿಬ್ಬರ ನಡುವೆ ಕೊರ್ತೊ ತಾವು ಮುಂದೆ ಬರದೆ ಲಯವನ್ನು ಹದವಾಗಿ ಸಡಿಲಿಸುತ್ತ, ಬಿಗಿಯುತ್ತ ಹೋಗುತ್ತಾರೆ. ಬೀಥೋವನ್‌ನ 'ಆರ್ಚ್‌ಡ್ಯೂಕ್' ಮತ್ತು ಶೂಮನ್‌ನ ಡಿ ಮೈನರ್ ಟ್ರಿಯೊ ಮುದ್ರಣವಾದದ್ದು 1928ರಲ್ಲಿ. ಶೂಮನ್ ಕೃತಿಯನ್ನು ಇದಕ್ಕಿಂತ ಚೆನ್ನಾಗಿ ನುಡಿಸಿದ್ದನ್ನು ನಾನಂತೂ ಕೇಳಿಲ್ಲ.

1929ರಲ್ಲಿ ಬಾರ್ಸಿಲೋನಾದಲ್ಲಿ ಬ್ರಾಮ್ಸ್‌ನ ಜೋಡಿ ಕನ್ಸರ್ಟೊ (ಪಿಟೀಲು, ಚೆಲ್ಲೊ ಮತ್ತು ವಾದ್ಯವೃಂದಕ್ಕಾಗಿ ಬರೆದ ಕೃತಿ) ಮುದ್ರಿಸುವಾಗ ತಿಬೋ ಮತ್ತು ಕಸಾಲ್ಸ್ ವಾದಕರು, ವಾದ್ಯವೃಂದ ಕಸಾಲ್ಸ್ ಅವರದ್ದೇ, ಅದರ ಮುಂದೆ ಕೋಲು ಹಿಡಿದು ನಿಂತವರು ಕೊರ್ತೊ. ಪಿಯಾನೋ ಇಲ್ಲದೆಯೂ ಮೂವರ ಮೇಳವೇ ಅದು.

ಅಷ್ಟೊಂದು ತಪ್ಪು ಸ್ವರಗಳು ಏಕೆ? ಅವರಿಗೆ ನಿಜವಾಗಿಯೂ ಕೈಚಳಕ ಇತ್ತೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ.

ಕೈಚಳಕ ಇತ್ತು. ಅನುಮಾನ ಇದ್ದವರು ಸೇನ್-ಸಾನ್ಸ್‌ನ 'ವಾಲ್ಟ್ಸ್ ರೂಪದ ಎತ್ಯೂಡ್' (ಎತ್ಯೂಡ್ ಎಂದರೆ ಕೈಚಳಕದ ಸಾಧನೆಗೆಂದು ಬರೆದ ಕೃತಿ) ಮುದ್ರಣ ಕೇಳಿದರೆ ಸಾಕು. ಬೆರಳಿನ ಆ ವೇಗ, ಆ ಹಗುರ ಇಂದಿನ ಸ್ಪರ್ಧೆಗಳಲ್ಲಿ ಗೆದ್ದವರಿಗೂ ಸುಲಭವಲ್ಲ. ಲಿಸ್ಟ್‌ನ ಬಿ ಮೈನರ್ ಸೊನಾಟಾವನ್ನು 1929ರಲ್ಲಿ ಮೊತ್ತಮೊದಲು ಧ್ವನಿಮುದ್ರಿಸಿದವರೂ ಇವರೇ. ಬೆರಳು ಸೋತವರು ಆ ಕೃತಿಯ ತಂಟೆಗೆ ಹೋಗುವುದಿಲ್ಲ.

ಹಾಗಾದರೆ ತಪ್ಪು ಎಲ್ಲಿಂದ ಬಂತು? ಮೊದಲನೆಯದು ಬಿಡುವಿಲ್ಲದ ಬದುಕು. ಕಛೇರಿ, ಪಾಠ, ಶಾಲೆಯ ಆಡಳಿತ, ಗ್ರಂಥ ಸಂಪಾದನೆ, ಸರ್ಕಾರಿ ಸಮಿತಿ, ಹಳೆಯ ಪುಸ್ತಕಗಳ ಬೇಟೆ. ಕುಳಿತು ಅಭ್ಯಾಸ ಮಾಡಲು ಸಮಯ ಉಳಿಯುತ್ತಿದ್ದುದೇ ಅಷ್ಟಕ್ಕಷ್ಟೆ. ಎರಡನೆಯದು ಆ ಕಾಲದ ಮುದ್ರಣದ ರೀತಿ. ಗ್ರಾಮಫೋನ್ ತಟ್ಟೆಯ ಒಂದು ಮುಖಕ್ಕೆ ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು. ಮೇಣದ ಮೇಲೆ ನೇರವಾಗಿ ಕೊರೆಯುತ್ತಿದ್ದುದರಿಂದ ಕತ್ತರಿಸಿ ಅಂಟಿಸುವ ಮಾತೇ ಇಲ್ಲ. ಮೂರನೆಯ ನಿಮಿಷದಲ್ಲಿ ಒಂದು ಸ್ವರ ತಪ್ಪಿದರೆ ಇಡೀ ಮುಖವನ್ನು ಮತ್ತೆ ನುಡಿಸಬೇಕು. ಎಷ್ಟೋ ವಾದಕರು ಹಾಗೆಯೇ ಮಾಡುತ್ತಿದ್ದರು. ಕೊರ್ತೊ ಹಲವು ಸಲ, ಒಟ್ಟು ಓಟ ಸರಿಯಾಗಿದ್ದರೆ ತಪ್ಪಿದ್ದ ಮುಖವನ್ನೇ ಒಪ್ಪಿಕೊಂಡುಬಿಡುತ್ತಿದ್ದರು. ಇದು ಅಜಾಗರೂಕತೆಯಲ್ಲ, ಆಯ್ಕೆ.

ಮೂರನೆಯದು ಬೈರಾಯ್ಟ್. ಇಡೀ ವಾಕ್ಯ ಎತ್ತ ಹೋಗುತ್ತಿದೆ ಎಂಬುದರ ಮೇಲೆಯೇ ಅವರ ಗಮನ. ಅಲ್ಲಿಗೆ ತಲುಪಲು ಬೆರಳು ಪಕ್ಕದ ಮನೆಯ ಮೇಲೆ ಕಾಲಿಟ್ಟರೂ ಪರವಾಗಿಲ್ಲ ಎಂಬ ಧೋರಣೆ. ಶೋಪಾನ್‌ನ ಎರಡನೆಯ ಸೊನಾಟಾದ ಕೊನೆಯ ಭಾಗ, ಪ್ರಿಲ್ಯೂಡ್ ಎಂಬ ಚಿಕ್ಕ ಕೃತಿಗಳಲ್ಲಿ ಹದಿನಾರನೆಯದು, ಇಂಥ ಕಡೆ ಅವರು ತೆಗೆದುಕೊಳ್ಳುವ ವೇಗ ವಿವೇಕಿಗಳದ್ದಲ್ಲ. ಬೀಳುವ ಅಪಾಯ ಇಲ್ಲದೆ ಆ ಸಂಗೀತಕ್ಕೆ ಅರ್ಥವಿಲ್ಲ ಎಂದು ನಂಬಿದವರ ವೇಗ ಅದು. ಕೆಲವು ಸಲ ಬೀಳುತ್ತಾರೆ ಕೂಡ.

ಅನ್ನದಲ್ಲಿ ಒಂದು ಕಲ್ಲು ಸಿಕ್ಕಿತೆಂದು ಊಟವನ್ನೇ ಬಿಟ್ಟು ಏಳುವವರಿಗೆ ಕೊರ್ತೊ ಹಿಡಿಸುವುದಿಲ್ಲ. ಅವರನ್ನು ದೂರಬೇಕಿಲ್ಲ, ಕಲ್ಲುಗಳು ಇರುವುದು ನಿಜ. 1950ರ ದಶಕದ ಕಛೇರಿಗಳಲ್ಲಿ ನೆನಪಿನ ಶಕ್ತಿಯೂ ಕೈಕೊಡುತ್ತಿತ್ತು. ಆ ಮುದ್ರಣಗಳನ್ನು ಅಭಿಮಾನದಿಂದ ಸಮರ್ಥಿಸಿಕೊಳ್ಳುವುದಕ್ಕಿಂತ ಮೌನವಾಗಿ ದಾಟುವುದು ಮೇಲು. ಆದರೆ ಶುದ್ಧತೆಗೆ ಹೆಸರಾದ ಪಿಯಾನೋ ವಾದಕ ಆಲ್ಫ್ರೆಡ್ ಬ್ರೆಂಡೆಲ್ ಅವರಂಥವರೇ ತಮ್ಮ ಮಾದರಿಗಳಲ್ಲಿ ಒಬ್ಬರೆಂದು ಕೊರ್ತೊ ಅವರನ್ನು ಹೆಸರಿಸುತ್ತಿದ್ದುದನ್ನು ಮರೆಯಬಾರದು.

ಎಡಗೈ ಮೊದಲು, ಬಲಗೈ ಆಮೇಲೆ ಕೇಳಿಸುತ್ತದೆ. ಇದೂ ತಪ್ಪೇ?

ಅಲ್ಲ, ಬೇಕೆಂದೇ ಮಾಡಿದ್ದು. ಅವರ ತಲೆಮಾರಿನ ವಾದಕರಲ್ಲಿ ಸಾಮಾನ್ಯವಾಗಿದ್ದ ರೂಢಿ. ಮಂದ್ರ ಸ್ವರ ಒಂದಿಷ್ಟು ಮುಂಚೆ ಬಂದರೆ ಮೇಲಿನ ರಾಗ ಅದರ ಮೇಲೆ ತೇಲಿದಂತೆ ಕೇಳುತ್ತದೆ. ಮುಂದಿನವರು ಇದನ್ನು ಹಳೆಯ ಚಟವೆಂದು ಕೈಬಿಟ್ಟರು.

ಮೇಷ್ಟ್ರಾಗಿ ಹೇಗಿದ್ದರು? ಶಿಷ್ಯರು ಯಾರು?

1907ರಲ್ಲಿ ಕನ್ಸರ್ವೇಟರಿಯ ಮುಖ್ಯಸ್ಥರಾಗಿದ್ದ ಸಂಗೀತಕಾರ ಗಾಬ್ರಿಯೆಲ್ ಫೋರೆ, ಕೊರ್ತೊ ಅವರನ್ನು ಅಲ್ಲಿ ಪ್ರಾಧ್ಯಾಪಕರನ್ನಾಗಿ ನೇಮಿಸಿದರು. 1919ರಲ್ಲಿ ಪತ್ರಿಕಾ ಸಂಪಾದಕ ಆಗ್ಯುಸ್ತ್ ಮಾಂಜೊ ಜೊತೆ ಸೇರಿ 'ಎಕೋಲ್ ನೊರ್ಮಾಲ್ ದ ಮ್ಯೂಸಿಕ್' ಎಂಬ ಶಾಲೆಯನ್ನು ಪ್ಯಾರಿಸ್ಸಿನಲ್ಲಿ ತೆರೆದರು. ಕನ್ಸರ್ವೇಟರಿಯಲ್ಲಿ ವಿದೇಶಿಯರಿಗೆ ಮಿತಿ, ವಯಸ್ಸಿಗೆ ಮಿತಿ. ಹೊಸ ಶಾಲೆಯ ಬಾಗಿಲು ಹೊರದೇಶದವರಿಗೂ ಅಗಲವಾಗಿ ತೆರೆದಿತ್ತು. ಪಾಠ ಹೇಳಲು ತಿಬೋ, ಕಸಾಲ್ಸ್, ನಾದಿಯಾ ಬುಲಾಂಜೆ ಅವರಂಥವರು. ಶಾಲೆ ಇಂದಿಗೂ ಮಾಲ್‌ಶೆರ್ಬ್ ರಸ್ತೆಯಲ್ಲಿ ನಡೆಯುತ್ತಿದೆ. ಪಕ್ಕದಲ್ಲೇ 1929ರಲ್ಲಿ ವಾಸ್ತುಶಿಲ್ಪಿ ಆಗ್ಯುಸ್ತ್ ಪೆರೆ ಕಟ್ಟಿದ 'ಸಾಲ್ ಕೊರ್ತೊ' ಸಭಾಂಗಣವಿದೆ. ಸುಮಾರು 400 ಆಸನಗಳು, ಒಳಗೆಲ್ಲ ಮರ. ಸ್ಟ್ರಾಡಿವೇರಿಯಸ್ ಪಿಟೀಲಿನಂತೆ ನುಡಿಯುವ ಮನೆ ಕಟ್ಟಿಕೊಡುತ್ತೇನೆ ಎಂದು ಪೆರೆ ಮಾತು ಕೊಟ್ಟಿದ್ದರಂತೆ.

ಶಿಷ್ಯರ ಸಾಲು ಉದ್ದ: ಕ್ಲಾರಾ ಹಾಸ್ಕಿಲ್, ಮಾಗ್ದಾ ತಾಲ್ಯಫೆರೊ, ಇವೊನ್ ಲೆಫೆಬ್ಯೂರ್, ವ್ಲಾಡೊ ಪೆರ್ಲ್‌ಮ್ಯುಟೇರ್, ಸ್ಯಾಮ್ಸನ್ ಫ್ರಾಂಸ್ವಾ, ದಿನು ಲಿಪಾಟಿ. ಲಿಪಾಟಿ 1933ರ ವಿಯೆನ್ನಾ ಸ್ಪರ್ಧೆಯಲ್ಲಿ ಎರಡನೆಯವರಾದಾಗ, ತೀರ್ಪುಗಾರರಲ್ಲಿ ಒಬ್ಬರಾಗಿದ್ದ ಕೊರ್ತೊ ಸಿಟ್ಟಾಗಿ ಆ ಸ್ಥಾನ ಬಿಟ್ಟು, ಹುಡುಗನನ್ನು ಪ್ಯಾರಿಸ್ಸಿಗೆ ಕರೆಸಿಕೊಂಡರು. ಈ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿದರೆ ಅಚ್ಚರಿಯಾಗುತ್ತದೆ. ಲಿಪಾಟಿಯ ನಿರ್ಮಲ ಶುದ್ಧಿಗೂ ಫ್ರಾಂಸ್ವಾನ ಕಾಡು ಸ್ವಭಾವಕ್ಕೂ ಏನು ಹೋಲಿಕೆ? ಯಾರೊಬ್ಬರೂ ಕೊರ್ತೊ ಅವರ ನಕಲಾಗಲಿಲ್ಲ. ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕಿಲ್ಲ.

ಕೊರ್ತೊ ಸಂಪಾದಿಸಿದ ಶೋಪಾನ್ ಪುಸ್ತಕಗಳನ್ನು ಇಂದಿನ ವಿದ್ಯಾರ್ಥಿ ಬಳಸಬಹುದೇ?

ಬಳಸಬಹುದು, ಆದರೆ ಪಕ್ಕದಲ್ಲಿ ಇನ್ನೊಂದು ಆವೃತ್ತಿ ಇರಲಿ. ಮೊದಲ ಮಹಾಯುದ್ಧದ ಕಾಲದಿಂದ ಅವರು ಹೊರತಂದ 'ಅಭ್ಯಾಸದ ಆವೃತ್ತಿ'ಗಳಲ್ಲಿ ಒಂದು ಪುಟ ಸಂಗೀತವಿದ್ದರೆ ಎರಡು ಪುಟ ಟಿಪ್ಪಣಿ. ಕಷ್ಟದ ಜಾಗವನ್ನು ಹೊರಗೆಳೆದು ಅದಕ್ಕೆಂದೇ ಸಾಧನೆಯ ಪಾಠಗಳನ್ನು ಹೊಸೆಯುತ್ತಾರೆ: ಇದೇ ಸ್ವರಗಳನ್ನು ಬೇರೆ ಲಯದಲ್ಲಿ ನುಡಿಸಿ, ಎರಡು ಬೆರಳು ಒತ್ತಿಹಿಡಿದು ಉಳಿದವನ್ನು ಆಡಿಸಿ, ಹೀಗೆ. ಕಷ್ಟದ ಭಾಗವನ್ನು ನೂರು ಸಲ ತಿರುಗಿಸುವ ಬದಲು ಕಷ್ಟ ಯಾವುದರಲ್ಲಿದೆ ಎಂದು ಹುಡುಕಿ ಅದನ್ನೇ ಅಭ್ಯಾಸ ಮಾಡಿ ಎಂಬುದು ಅವರ ತತ್ವ. 1928ರಲ್ಲಿ ಪ್ರಕಟವಾದ ಅವರ ತಾಂತ್ರಿಕ ಪಾಠಗಳ ಪುಸ್ತಕವೂ ಇದೇ ದಾರಿಯದು: ಬೆರಳುಗಳ ಸ್ವಾತಂತ್ರ್ಯ, ಹೆಬ್ಬೆರಳು ದಾಟಿಸುವುದು, ಜೋಡಿ ಸ್ವರಗಳು, ಬೆರಳಿನ ಚಾಚು, ಮಣಿಕಟ್ಟು ಎಂದು ಐದು ಅಧ್ಯಾಯ. ತಪ್ಪು ಸ್ವರಗಳಿಗೆ ಹೆಸರಾದ ಮನುಷ್ಯ ಯುರೋಪಿಗೆಲ್ಲ ಬೆರಳಿನ ವ್ಯಾಯಾಮ ಹೇಳಿಕೊಟ್ಟದ್ದು ತಮಾಷೆಯಾಗಿ ಕಂಡರೆ ಆಶ್ಚರ್ಯವಿಲ್ಲ.

ಎಚ್ಚರ ಬೇಕಾದದ್ದು ಎರಡು ಕಡೆ. ಬೆರಳ ಗುರುತುಗಳು ಅವರ ಕೈಗೆ ಹೊಂದುವಂಥವು, ಎಲ್ಲರ ಕೈಗಲ್ಲ. ಮೂಲ ಪಾಠವೂ ಇಂದಿನ ಶುದ್ಧಪಾಠ ಸಂಪಾದಕರು ಒಪ್ಪುವಂಥದ್ದಲ್ಲ.

ಪ್ರಿಲ್ಯೂಡ್‌ಗಳಿಗೆ ಅವರು ಕವಿತೆಯಂಥ ಹೆಸರು ಕೊಟ್ಟಿದ್ದರೆ?

ಹೌದು. ಮೊದಲನೆಯದು ನಲ್ಲೆಗಾಗಿ ಜ್ವರದಂಥ ಕಾತರದ ಕಾಯುವಿಕೆ, ನಾಲ್ಕನೆಯದು ಸಮಾಧಿಯ ಬಳಿ, ಹದಿನಾರನೆಯದು ಪ್ರಪಾತದತ್ತ ಓಟ. ಶೋಪಾನ್‌ಗೆ ಇಂಥದ್ದು ಹಿಡಿಸುತ್ತಿರಲಿಲ್ಲ ಎಂಬುದು ಬೇರೆ ಮಾತು. ವಿದ್ಯಾರ್ಥಿಗಳ ಕಲ್ಪನೆ ಕೆದಕಲು ಕೊರ್ತೊ ಬಳಸಿದ ಉಪಾಯ ಅದು.

ಯುದ್ಧಕಾಲದಲ್ಲಿ ಅವರು ನಾಜಿಗಳ ಜೊತೆ ಸೇರಿದ್ದರೆ?

1940ರಲ್ಲಿ ಫ್ರಾನ್ಸ್ ಜರ್ಮನಿಗೆ ಸೋತ ಮೇಲೆ ವಿಶಿ ಪಟ್ಟಣದಲ್ಲಿ ಮಾರ್ಷಲ್ ಪೆತಾಂ ಸರ್ಕಾರ ರಚನೆಯಾಯಿತು. ಅದು ಜರ್ಮನಿಯೊಂದಿಗೆ ಸಹಕರಿಸಿತು. ಯಹೂದಿಗಳನ್ನು ಹುದ್ದೆಗಳಿಂದ ಹೊರಹಾಕುವ ಕಾಯಿದೆಯನ್ನು 1940ರ ಅಕ್ಟೋಬರಿನಲ್ಲೇ ತಂದಿತು. ಕೊರ್ತೊ ಈ ಸರ್ಕಾರದ ಒಳಗಿದ್ದರು. ಅದರ ರಾಷ್ಟ್ರೀಯ ಮಂಡಳಿಯ ಸದಸ್ಯರಾದರು, ಸಂಗೀತ ವೃತ್ತಿಯನ್ನು ನಿಯಂತ್ರಿಸುವ ಸಮಿತಿಯ ಮುಖ್ಯಸ್ಥರಾದರು. 1942ರಲ್ಲಿ ಬರ್ಲಿನ್‌ಗೆ ಹೋಗಿ ಅಲ್ಲಿನ ಹೆಸರಾಂತ ವಾದ್ಯವೃಂದ ನಿರ್ದೇಶಕ ಫುರ್ಟ್‌ವೆಂಗ್ಲರ್ ಅವರ ನಿರ್ದೇಶನದಲ್ಲಿ ನುಡಿಸಿದರು. ಅದೇ ಕಾಲದಲ್ಲಿ ತಿಬೋ ಜರ್ಮನಿಯಲ್ಲಿ ನುಡಿಸಲು ಒಪ್ಪಲಿಲ್ಲ. ಕಸಾಲ್ಸ್ ಅಂತೂ ಹಿಟ್ಲರ್ ಬಂದಾಗಿನಿಂದ ಅತ್ತ ತಲೆ ಹಾಕಿರಲಿಲ್ಲ. ಆದ್ದರಿಂದ ಬೇರೆ ದಾರಿಯೇ ಇರಲಿಲ್ಲ ಎನ್ನುವಂತಿಲ್ಲ.

ಅವರ ಪರವಾಗಿ ಹೇಳುವ ಮಾತುಗಳಿವೆ. ಜರ್ಮನಿಯಲ್ಲಿದ್ದ ಫ್ರೆಂಚ್ ಯುದ್ಧಕೈದಿಗಳಿಗಾಗಿಯೂ ನುಡಿಸಿದರು. ಹೆಂಡತಿ ಯಹೂದಿ ಮೂಲದವರು. ಮೊದಲ ಮಹಾಯುದ್ಧದಲ್ಲಿಯೂ ಸರ್ಕಾರದ ಕಲಾ ಇಲಾಖೆಯಲ್ಲಿ ದುಡಿದು, ಬಡ ಕಲಾವಿದರಿಗೆ ನೆರವು ಸಂಘಟಿಸಿದ್ದವರು; ಅಧಿಕಾರ ಯಾರದ್ದೇ ಇರಲಿ ಕೆಲಸ ನಡೆಯಬೇಕು ಎಂಬ ಆಡಳಿತಗಾರನ ಮನಸ್ಸು. ಇವೆಲ್ಲ ವಿವರಣೆಗಳಾಗಬಹುದು, ಆದರೆ ಸಹೋದ್ಯೋಗಿಗಳು ಕೆಲಸ ಕಳೆದುಕೊಂಡು ತಲೆಮರೆಸಿಕೊಂಡಿದ್ದಾಗ ಅಂಥ ಸರ್ಕಾರದ ಸಮಿತಿಯ ಕುರ್ಚಿಯಲ್ಲಿ ಕುಳಿತದ್ದನ್ನು ಇವು ಅಳಿಸುವುದಿಲ್ಲ.

ಅದಕ್ಕೆ ಶಿಕ್ಷೆ ಆಯಿತೇ?

ಪ್ಯಾರಿಸ್ ಬಿಡುಗಡೆಯಾದ ಕೂಡಲೇ 1944ರಲ್ಲಿ ಬಂಧಿಸಿದರು, ಬೇಗನೆ ಬಿಟ್ಟರು. ವಿಚಾರಣೆಯ ಬಳಿಕ ಒಂದು ವರ್ಷ ಸಾರ್ವಜನಿಕವಾಗಿ ನುಡಿಸದಂತೆ ನಿಷೇಧ ಹಾಕಿದರು. ಕಾಗದದ ಮೇಲಿನ ಶಿಕ್ಷೆ ಅಷ್ಟೇ. ನಿಜವಾದದ್ದು 1947ರ ಜನವರಿಯಲ್ಲಿ ಬಂತು. ಪ್ಯಾರಿಸ್ಸಿನಲ್ಲಿ ಶೂಮನ್ ಕನ್ಸರ್ಟೊ ನುಡಿಸಬೇಕಿದ್ದ ದಿನ ವಾದ್ಯವೃಂದದವರು ಅವರ ಜೊತೆ ನುಡಿಸಲು ನಿರಾಕರಿಸಿದರು. ಸಭೆಯಲ್ಲಿ ಕೂಗಾಟ, ಸಿಳ್ಳೆ. ಕೊರ್ತೊ ಒಬ್ಬರೇ ಪಿಯಾನೋ ಮುಂದೆ ಕುಳಿತು ಶೋಪಾನ್ ನುಡಿಸಿದರು. ಆ ಬಳಿಕ ಲೋಜಾನ್‌ಗೆ ಹೊರಟುಹೋದರು. 1949ರಲ್ಲಿ, ಶೋಪಾನ್ ತೀರಿ ನೂರು ವರ್ಷವಾದ ಸಂದರ್ಭದಲ್ಲಿ, ಪ್ಯಾರಿಸ್ ಮತ್ತೆ ಅವರನ್ನು ಚಪ್ಪಾಳೆಯಿಂದ ಬರಮಾಡಿಕೊಂಡಿತು.

ಕಸಾಲ್ಸ್ ಕೊರ್ತೊ ಅವರನ್ನು ಕ್ಷಮಿಸಿದರೆ?

ಯುದ್ಧ ಮುಗಿದ ಮೇಲೆ ಕೊರ್ತೊ ದಕ್ಷಿಣ ಫ್ರಾನ್ಸಿನ ಪ್ರಾದ್ ಪಟ್ಟಣಕ್ಕೆ ಹೋಗಿ, ಸ್ಪೇನ್ ಬಿಟ್ಟು ಅಲ್ಲಿ ದೇಶಭ್ರಷ್ಟರಾಗಿದ್ದ ಕಸಾಲ್ಸ್ ಎದುರು ತಪ್ಪೊಪ್ಪಿಕೊಂಡರು ಎಂದು ಕಸಾಲ್ಸ್ ಅವರೇ ನೆನಪಿಸಿಕೊಂಡಿದ್ದಾರೆ. ಜರ್ಮನರ ಜೊತೆ ಕೆಲಸ ಮಾಡಿದ್ದು ನಿಜ, ನಾಚಿಕೆಯಾಗುತ್ತಿದೆ, ಕ್ಷಮೆ ಕೇಳಲು ಬಂದಿದ್ದೇನೆ ಎಂದರಂತೆ. ಜೊತೆಯಾಗಿ ನುಡಿಸಲು ಮಾತ್ರ ಇನ್ನೂ ಹಲವು ವರ್ಷ ಕಾಯಬೇಕಾಯಿತು. 1958ರ ಬೇಸಿಗೆಯಲ್ಲಿ ಪ್ರಾದ್ ಉತ್ಸವದಲ್ಲಿ ಇಬ್ಬರೂ ಬೀಥೋವನ್‌ನ ಎ ಮೇಜರ್ ಚೆಲ್ಲೊ ಸೊನಾಟಾ ನುಡಿಸಿದರು. ಇಬ್ಬರಿಗೂ ವಯಸ್ಸು 80ರ ಆಚೀಚೆ. ಮೂರನೆಯವರಾದ ತಿಬೋ 1953ರಲ್ಲೇ ಆಲ್ಪ್ಸ್ ಪರ್ವತದ ವಿಮಾನಾಪಘಾತದಲ್ಲಿ ತೀರಿಹೋಗಿದ್ದರು. ಕೊರ್ತೊ ಸಭೆಯ ಮುಂದೆ ನುಡಿಸಿದ್ದು ಅದೇ ಕೊನೆ. ಮುದ್ರಣ ಸಿಗುತ್ತದೆ; ಬೆರಳುಗಳು ತಡವರಿಸುತ್ತವೆ.

ಇಷ್ಟು ಗೊತ್ತಾದ ಮೇಲೂ ಅವರ ಸಂಗೀತ ಕೇಳಬೇಕೆ?

ಕೇಳದಿರುವ ಹಕ್ಕು ಎಲ್ಲರಿಗೂ ಇದೆ, ವಿಶೇಷವಾಗಿ ಆ ಕಾಲದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ. ನಾನು ಕೇಳುತ್ತೇನೆ. ನನಗೆ ಸಹಿಸದಿರುವುದು ಒಂದೇ: ಅವರ ವಿಶಿ ಕಾಲವನ್ನೂ ತಪ್ಪು ಸ್ವರಗಳ ಪಟ್ಟಿಗೆ ಸೇರಿಸಿ, ಮಹಾನ್ ಕಲಾವಿದನ ಸಣ್ಣ ಎಡವಟ್ಟು ಎಂದು ನಗುತ್ತ ಮುಂದೆ ಸಾಗುವ ರೀತಿ. ತಪ್ಪು ಸ್ವರದಿಂದ ಯಾರ ಅನ್ನವೂ ಹೋಗಲಿಲ್ಲ.

ಜಪಾನಿನಲ್ಲಿ ಅವರ ಹೆಸರಿನ ದ್ವೀಪ ಇದೆಯೇ?

ಇದೆ ಎಂದೂ ಹೇಳಬಹುದು, ಇಲ್ಲ ಎಂದೂ. 1952ರಲ್ಲಿ ಜಪಾನಿನಲ್ಲಿ ಪ್ರವಾಸ ಮಾಡುತ್ತಿದ್ದಾಗ, ಇಂದು ಶಿಮೊನೊಸೆಕಿ ನಗರಕ್ಕೆ ಸೇರಿರುವ ಕವತಾನ ಎಂಬ ಬಿಸಿನೀರ ಬುಗ್ಗೆಯ ಊರಿನಲ್ಲಿ ತಂಗಿದ್ದರು. ಕಿಟಕಿಯಿಂದ ಕಂಡ ಜನವಸತಿಯಿಲ್ಲದ ಅತ್ಸುಶಿಮಾ ದ್ವೀಪಕ್ಕೆ ಮನಸೋತು, ಅದನ್ನು ಕೊಂಡುಕೊಳ್ಳಬಹುದೇ ಎಂದು ಕೇಳಿದರು. ನೀವು ಅಲ್ಲೇ ವಾಸ ಮಾಡುವುದಾದರೆ ಪುಕ್ಕಟೆಯಾಗಿ ಕೊಡುತ್ತೇವೆ ಎಂದರಂತೆ ಊರಿನ ಮುಖ್ಯಸ್ಥರು. ಮತ್ತೆ ಬರುತ್ತೇನೆ ಎಂದು ಹೋದವರು ಬರಲಾಗಲಿಲ್ಲ. ಊರಿನವರು ದ್ವೀಪವನ್ನು ಅವರ ಹೆಸರಿನಿಂದಲೇ ಕರೆಯತೊಡಗಿದರು. ಈಗ ಕವತಾನದಲ್ಲಿ ವಾಸ್ತುಶಿಲ್ಪಿ ಕೆಂಗೊ ಕುಮಾ ವಿನ್ಯಾಸ ಮಾಡಿದ ಕೊರ್ತೊ ಸಭಾಂಗಣವೂ ಇದೆ.

ಅವರ ಗ್ರಂಥ ಸಂಗ್ರಹ ಏನಾಯಿತು?

ಹಸ್ತಪ್ರತಿ, ಹಳೆಯ ಮುದ್ರಿತ ಸಂಗೀತಗ್ರಂಥಗಳ ಅಪಾರ ಸಂಗ್ರಹ ಅವರದ್ದು. ನಿಧನದ ನಂತರ ಚದುರಿಹೋಯಿತು. ಲಂಡನ್ನಿನ ಬ್ರಿಟಿಷ್ ಗ್ರಂಥಾಲಯ, ಷಿಕಾಗೊದ ನ್ಯೂಬೆರಿ ಗ್ರಂಥಾಲಯ, ಬರ್ಕ್ಲಿ ಮತ್ತು ಕೆಂಟಕಿ ವಿಶ್ವವಿದ್ಯಾಲಯಗಳಲ್ಲಿ ದೊಡ್ಡ ಪಾಲುಗಳಿವೆ.

ಅವರನ್ನು ನೋಡಲು ಚಲನಚಿತ್ರ ತುಣುಕು ಏನಾದರೂ ಇದೆಯೇ?

ಇದೆ. ಶೂಮನ್‌ನ 'ಬಾಲ್ಯದ ದೃಶ್ಯಗಳು' ಸರಣಿಯ ಕೊನೆಯ ತುಣುಕು 'ಕವಿ ನುಡಿಯುತ್ತಾನೆ'. ಮುದುಕರಾದ ಕೊರ್ತೊ ಅದನ್ನು ನುಡಿಸುತ್ತಲೇ ಶಿಷ್ಯರಿಗೆ ವಿವರಿಸುವ ಚಿತ್ರ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಫ್ರೆಂಚ್ ಬಾರದಿದ್ದರೂ ನೋಡಿ. 1950ರ ದಶಕದಲ್ಲಿ ಅವರ ಶಾಲೆಯಲ್ಲಿ ಮುದ್ರಿಸಿಕೊಂಡ ಪಾಠಗಳನ್ನು ಪಿಯಾನೋ ವಾದಕ ಮರೆ ಪೆರಾಯ ಆಯ್ದು, 2005ರಲ್ಲಿ ಮೂರು ಡಿಸ್ಕ್‌ಗಳಲ್ಲಿ ಪ್ರಕಟವಾದವು. ಅದು ಕೇಳಲು ಮಾತ್ರ.

ಹೊಸಬರು ಎಲ್ಲಿಂದ ಕೇಳಲು ಆರಂಭಿಸಬೇಕು?

1933ರಲ್ಲಿ ಮುದ್ರಿಸಿದ ಶೋಪಾನ್‌ನ 24 ಪ್ರಿಲ್ಯೂಡ್‌ಗಳಿಂದ. ಒಂದೊಂದೂ ಚಿಕ್ಕದು, ಹಿಡಿಸದಿದ್ದರೆ ಮುಂದಿನದಕ್ಕೆ ಹೋಗಬಹುದು. ಆಮೇಲೆ 1929ರ ನಾಲ್ಕು ಬಲ್ಲಾಡ್‌ಗಳು. ಶೂಮನ್ ಕಡೆಗೆ ಹೊರಳಿದರೆ 1935ರ 'ಕ್ರೈಸ್ಲೆರಿಯಾನಾ', ಮತ್ತು ಅದೇ ವರ್ಷ ಗಾಯಕ ಶಾರ್ಲ್ ಪಾಂಝೆರಾ ಜೊತೆ ಮುದ್ರಿಸಿದ 'ದಿಖ್ಟರ್‌ಲೀಬ' ಎಂಬ ಹಾಡುಗಳ ಸರಣಿ. ಹಾಡು ಮುಗಿದ ಮೇಲೆ ಪಿಯಾನೋ ಒಂದೇ ಮಾತಾಡುವ ಕೊನೆಯ ಪುಟ ಕೊರ್ತೊ ಅವರ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಫ್ರೆಂಚ್ ಸಂಗೀತ ಬೇಕಾದವರಿಗೆ ಫ್ರಾಂಕ್‌ನ 'ಪ್ರಿಲ್ಯೂಡ್, ಕೊರಾಲ್ ಮತ್ತು ಫ್ಯೂಗ್' ಹಾಗೂ ದೆಬ್ಯುಸಿಯ ಪ್ರಿಲ್ಯೂಡ್‌ಗಳ ಮೊದಲ ಪುಸ್ತಕ. ಶೋಪಾನ್‌ನ ಎತ್ಯೂಡ್‌ಗಳಲ್ಲಿ 1933–34ರದ್ದೇ ಇರಲಿ. 1942ರದ್ದು ಹುಡುಕಿಕೊಂಡು ಹೋಗಬೇಕಾದದ್ದೇನಲ್ಲ.

ಹಳೆಯ ತಟ್ಟೆಗಳ ಗರಗರ ಸದ್ದು ಕಿರಿಕಿರಿ ಮಾಡುತ್ತದೆ. ಏನು ಮಾಡಲಿ?

1925ಕ್ಕಿಂತ ಹಿಂದಿನವನ್ನು ಸದ್ಯಕ್ಕೆ ಬಿಟ್ಟುಬಿಡಿ. ಅವು ಕೊಂಬಿನ ಎದುರು ನುಡಿಸಿ ಮುದ್ರಿಸಿದವು. ಆ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಮ್ಡೆನ್‌ನಲ್ಲಿ ವಿಕ್ಟರ್ ಕಂಪನಿ ಮೈಕ್ರೊಫೋನ್ ಬಳಸಿ ಮಾಡಿದ ಮೊದಲ ಮುದ್ರಣಗಳಲ್ಲಿ ಕೊರ್ತೊ ಅವರದ್ದೂ ಸೇರಿದೆ. ಅಲ್ಲಿಂದ ಮುಂದಿನವು ಕಿವಿಗೆ ಹಿತ. ಒಂದೇ ತಟ್ಟೆಯನ್ನು ಹಲವರು ಹಲವು ರೀತಿ ಶುಚಿಗೊಳಿಸಿ ಪ್ರಕಟಿಸಿದ್ದಾರೆ. ಇಎಂಐ ಕಂಪನಿ 2012ರಲ್ಲಿ ಹೊರತಂದ 40 ಡಿಸ್ಕ್‌ಗಳ ಪೆಟ್ಟಿಗೆ ಬಹುಪಾಲು ಎಲ್ಲವನ್ನೂ ಒಳಗೊಂಡಿದೆ. ನಾಕ್ಸೋಸ್ ಕಂಪನಿ ಹೊರತಂದ ಹಳೆಯ ಸರಣಿಯಲ್ಲಿ ಸದ್ದು ಸ್ವಲ್ಪ ಹೆಚ್ಚು, ಪಿಯಾನೋದ ಜೀವವೂ ಹೆಚ್ಚು. ಸದ್ದನ್ನು ಪೂರ್ತಿ ಒರೆಸಿದ ಪ್ರತಿಗಳಲ್ಲಿ ಸ್ವರದ ಮೇಲಂಚೂ ಹೋಗಿ ಪಿಯಾನೋ ಕಂಬಳಿ ಹೊದ್ದಂತಾಗಿರುತ್ತದೆ, ಅಂಥವನ್ನು ತೆಗೆದುಕೊಳ್ಳಬೇಡಿ. ಭಾರತದ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಮಾತ್ರ ಇರುವುದರಿಂದ, ಅವರ ಜೀವಿತಕಾಲದಲ್ಲಿ ಬಿಡುಗಡೆಯಾದ ತಟ್ಟೆಗಳು ಇಲ್ಲಿ ಹಕ್ಕಿನ ಅವಧಿ ದಾಟಿವೆ. ಹೊಸದಾಗಿ ಶುಚಿಗೊಳಿಸಿದ ಪ್ರತಿಗಳನ್ನು ಹಂಚುವ ಮುನ್ನ ಮಾತ್ರ ಪ್ರಕಾಶಕರ ಷರತ್ತು ಓದಿಕೊಳ್ಳಿ.